ಗಿರಣಿ ಖಾಲಿಯಾಗಿತ್ತು

ಮೇಷ್ಟ್ರಿಗೆ ಇನ್ಸುಲಿನ್ ಹೇಗೆ ತಲುಪುತ್ತದೆ ಎಂಬುದು ನನಗೆ ಮೊದಲು ತಿಳಿದದ್ದು ಐರ್ಲೆಂಡಿನ ಡ್ರೋಹೆಡಾ ಊರಿನ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ. ಅವರ ತಂಗಿ ಅಲ್ಲಿ ಅಡುಗೆ ಕೆಲಸಕ್ಕಿದ್ದಳು. ಮಧ್ಯಾಹ್ನದ ಊಟದ ಪಾತ್ರೆಗಳನ್ನು ತೊಳೆದಾಗಿ, ಸಂಜೆಯ ಚಹಾಕ್ಕೆ ಇನ್ನೂ ಹೊತ್ತಿರುವಾಗ ಮಾತ್ರ ಆಕೆಗೆ ಬಿಡುವು. ನಾನು ಡಬ್ಲಿನ್‌ನಿಂದ ರೈಲು ಹಿಡಿದು ಹೋಗಿ, ಆಲೂಗಡ್ಡೆ ಸಿಪ್ಪೆಯ ಬಕೆಟ್ಟಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಆಕೆ ಹೇಳಿದ್ದನ್ನು ಕೇಳುತ್ತಿದ್ದೆ.

ಆಕೆಯ ದೇಶ ಯಾವುದೆಂದು ನಾನು ಬರೆಯುವುದಿಲ್ಲ. ಊರು, ಕಾಯಿಲೆ, ಕಟ್ಟಡ, ಎಲ್ಲವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಓದುವವರಿಗೆ ಇದರಿಂದ ನಷ್ಟವಿಲ್ಲ. ಬದಲಿಸದಿದ್ದರೆ ಯಾರಿಗೆ ನಷ್ಟವೆಂದು ಕೊನೆಯ ಹೊತ್ತಿಗೆ ಅವರಿಗೇ ಗೊತ್ತಾಗುತ್ತದೆ.

ಬಹಳ ವರ್ಷ ಜನರಲ್‌ಗಳು ಆಳಿದ ದೇಶ ಅದು. ಜನ ಬೀದಿಗಿಳಿದರು, ಜನರಲ್‌ಗಳು ಕೆಳಗಿಳಿದರು, ಮಧ್ಯಂತರ ಸರ್ಕಾರ ಬಂತು, ಚುನಾವಣೆ ಮಾಡುತ್ತೇವೆ ಎಂದಿತು. ಜಗತ್ತೆಲ್ಲ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು. ಮೇಷ್ಟ್ರು ಬಂಧನಕ್ಕೊಳಗಾದದ್ದು ಜನರಲ್‌ಗಳ ಕಾಲದಲ್ಲಲ್ಲ, ಈ ಚಪ್ಪಾಳೆಯ ನಂತರ. ಅವರ ಶಾಲೆಯ ಸುತ್ತಲಿನ ಗಣಿ ಕಾರ್ಮಿಕರಿಗೆ ಮತದಾರರ ಚೀಟಿ ಸಿಕ್ಕಿರಲಿಲ್ಲ. ಅದನ್ನು ಅವರು ಫೋನಿನಲ್ಲಿ ವಿಡಿಯೋ ಮಾಡಿ ಹಾಕಿದರು. ವದಂತಿ ಹಬ್ಬಿಸಿದರು ಎಂದು ಅವರನ್ನು ಎತ್ತಿಕೊಂಡು ಹೋದರು. ಆಮೇಲೆ ಯಾವ ಜೈಲಿನಲ್ಲಿ ಕೇಳಿದರೂ ಅಂಥವರು ನಮ್ಮಲ್ಲಿಲ್ಲ ಎಂಬ ಉತ್ತರ.

ಎಲ್ಲಿದ್ದಾರೆಂದು ಅವರ ಹೆಂಡತಿ ಮಾತ್ರ ಹೇಗೋ ಪತ್ತೆ ಮಾಡಿದ್ದರು. ವಾರಕ್ಕೊಮ್ಮೆ ಥರ್ಮಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ, ನಡುವೆ ಇನ್ಸುಲಿನ್ ಸೀಸೆ ಇಟ್ಟುಕೊಂಡು, ಊರಾಚೆಯ ಹಳೆಯ ಹಿಟ್ಟಿನ ಗಿರಣಿಯ ಗೇಟಿಗೆ ಹೋಗುತ್ತಿದ್ದರು. ಗೇಟಿನ ಕಾವಲುಗಾರ ಮಾತಾಡದೆ ಫ್ಲಾಸ್ಕ್ ಒಳಗೆ ಒಯ್ದು, ಹಿಂದಿನ ವಾರದ ಖಾಲಿ ಸೀಸೆಯನ್ನು ಅದರಲ್ಲೇ ಹಾಕಿ ತಂದುಕೊಡುತ್ತಿದ್ದ. ಖಾಲಿ ಸೀಸೆ ಬಂತೆಂದರೆ ಗಂಡ ಬದುಕಿದ್ದಾರೆ ಎಂದರ್ಥ.

"ಅಣ್ಣ ಕಾಗದ ಬರೆಯೋದಿಲ್ಲ, ಫೋನ್ ಮಾಡೋದಿಲ್ಲ. ಸೀಸೆ ಬರತ್ತೆ. ಅಷ್ಟೇ," ಎಂದಳು ತಂಗಿ. ಅವಳ ಇಂಗ್ಲಿಷ್ ಇಲ್ಲಿ ಕಲಿತದ್ದು. ಆಮೇಲೆ ತಾನೇ ತನಗೆ ಸಮಾಧಾನ ಹೇಳಿಕೊಳ್ಳುವಂತೆ, "ಇಟ್ಸ್ ಗ್ರ್ಯಾಂಡ್," ಎಂದು ಸೇರಿಸಿದಳು. ಈ ದೇಶದಲ್ಲಿ ಮನೆ ಹೊತ್ತಿ ಉರಿಯುತ್ತಿದ್ದರೂ ಜನ ಏನೂ ತೊಂದರೆಯಿಲ್ಲ ಎಂಬರ್ಥದಲ್ಲಿ ಅದನ್ನೇ ಹೇಳುತ್ತಾರೆ, ಆಕೆಗೂ ಅಂಟಿತ್ತು.

ನನ್ನ ಕೆಲಸ ಏನೆಂದು ನಮ್ಮ ಕಡೆಯವರು ಕೇಳಿದರೆ ನಾನು ಗಲಿಬಿಲಿಯಾಗುತ್ತೇನೆ. ಡಬ್ಲಿನ್ ನಗರದ ಲಿಫಿ ನದಿಯ ಉತ್ತರಕ್ಕೆ ಒಂದು ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಕೈದಿಗಳ ಪರವಾಗಿ ಕೆಲಸ ಮಾಡುವ ನಮ್ಮ ಪುಟ್ಟ ಸಂಸ್ಥೆ. ಆ ದೇಶದ ಮಧ್ಯಂತರ ಸರ್ಕಾರ, ಹೊರಗಿನ ವೀಕ್ಷಕರ ತಂಡವೊಂದು ಬಂದು ಯಾವ ಬಂಧನ ಸ್ಥಳವನ್ನಾದರೂ ನೋಡಬಹುದು ಎಂದು ಒಪ್ಪಂದಕ್ಕೆ ಸಹಿ ಹಾಕಿತ್ತು. ತಂಡ ಹೋಗುವ ಮೊದಲು, ಯಾರು ಎಲ್ಲಿದ್ದಾರೆ ಎಂದು ಇಲ್ಲಿ ಕೂತೇ ಕಲೆಹಾಕಿ ಕೊಡುವುದು ನಮ್ಮ ಪಾಲಿನ ಕೆಲಸ. ಒಬ್ಬರ ಬಾಯಿಂದ ಬಂದದ್ದನ್ನು ನಂಬುವ ಹಾಗಿಲ್ಲ. ಕಣ್ಣಾರೆ ಕಂಡವರೊಬ್ಬರು ಬೇಕು, ಅವರ ಪರಿಚಯವೇ ಇಲ್ಲದ ಇನ್ನೊಬ್ಬರು ಬೇಕು, ಇಬ್ಬರ ಮಾತಿಗೂ ಹೊಂದುವ ಚಿತ್ರವೋ ನಕ್ಷೆಯೋ ಬೇಕು. ಅನುಮಾನ ಪಡುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು, ಮತ್ತು ಹುಟ್ಟಾ ಅನುಮಾನದವಳು ಎಂದು ನಮ್ಮ ಅಮ್ಮನ ದೂರು ಮೊದಲಿಂದಲೂ ಇದೆ.

ಗಿರಣಿಯನ್ನು ಪತ್ತೆಹಚ್ಚಲು ಉಪಗ್ರಹದ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತೆ. ಮೇಷ್ಟ್ರ ಹೆಂಡತಿ ಹೇಳಿದ ದಾರಿ: ಬಸ್ ನಿಲ್ದಾಣ, ಸೇತುವೆ, ಎಡಕ್ಕೆ ಇಟ್ಟಿಗೆ ಗೂಡು. ಗಿರಣಿಯಿಂದ ಬಿಡುಗಡೆಯಾಗಿ ಬೇರೆ ದೇಶಕ್ಕೆ ಓಡಿಹೋಗಿದ್ದ ಒಬ್ಬ ಚಾಲಕ ಹೇಳಿದ್ದು: ಕಿಟಕಿಯ ಸಂದಿಯಿಂದ ಕಾಣುತ್ತಿದ್ದದ್ದು ನೀಲಿ ನೀರಿನ ಟ್ಯಾಂಕು, ಅದರ ಮೇಲೆ ಮಧ್ಯಾಹ್ನ ಬೀಳುತ್ತಿದ್ದ ಚಿಮಣಿಯ ನೆರಳು. ಟ್ಯಾಂಕು ಸಿಕ್ಕಿತು, ನೆರಳೂ ಸಿಕ್ಕಿತು. ಧಾನ್ಯದ ಲಾರಿ ಒಂದೂ ಬಾರದ ಗಿರಣಿಯ ಅಂಗಳದಲ್ಲಿ ತಿಂಗಳುಗಟ್ಟಲೆ ಸೇನೆಯ ವಾಹನಗಳು ನಿಂತಿದ್ದವು. ಅದನ್ನು ಕಂಡಾಗ ನನಗೆ ಖುಷಿಯಾಯಿತು ಎಂದು ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ. ಆದರೆ ಆಯಿತು.

ಮೇಷ್ಟ್ರ ಸಕ್ಕರೆ ಕಾಯಿಲೆಯ ವಿಚಾರ ತಿಳಿಯದೆ ಬರೆಯುವಂತಿರಲಿಲ್ಲ. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ದಾವಣಗೆರೆಯ ಗೆಳತಿಯೊಬ್ಬಳು ಡಾಕ್ಟರು. ಕೆಲಸ ಮುಗಿಸಿ ಮನೆಗೆ ಬಂದ ಹೊತ್ತು ನೋಡಿಕೊಂಡು ಅವಳ ಮನೆಗೆ ಹೋದೆ. ಇಲ್ಲೇ ಹುಟ್ಟಿದ ಅವಳ ಮಗಳು ಬಾಗಿಲು ತೆಗೆದಳು. "ಊಟ ಆಯ್ತಾ ಪುಟ್ಟಿ?" ಎಂದರೆ, "ಐ ಡಿಡ್, ಯಾ," ಎಂದು ಅಚ್ಚ ಡಬ್ಲಿನ್ ರಾಗದಲ್ಲಿ ಹೇಳಿ ಓಡಿದಳು.

"ಟೈಪ್ ಒನ್ನಾ? ಚಿಕ್ಕ ವಯಸ್ಸಿಂದ ಐತಾ?" ಎಂದು ಗೆಳತಿ ಕೇಳಿದಳು.

"ಹೈಸ್ಕೂಲಲ್ಲಿದ್ದಾಗಿಂದ ಅಂತೆ."

"ಹಂಗಾದ್ರೆ ಕೇಳು. ನಮ್ಮಪ್ಪಂಗೆ ಇರೋ ಶುಗರ್ ಥರ ಅಲ್ಲ ಇದು, ಮಾತ್ರೆ ಮರೆತ್ರೆ ನಾಳೆ ತಗೊಂಡ್ರಾಯ್ತು ಅನ್ನೋಕೆ. ಇನ್ಸುಲಿನ್ ಪೂರ್ತಿ ನಿಂತ್ರೆ ವಾರಗಟ್ಟಲೆ ಕಾಯಲ್ಲ ಕಣೇ. ದಿನಗಳು ಅಷ್ಟೇ."

"ಜೈಲಲ್ಲಿ ಕಡಿಮೆ ಊಟ ಕೊಡ್ತಾರೆ, ಅದ್ರಿಂದ ಸ್ವಲ್ಪ..."

"ಊಟ ಬಿಟ್ರೂ ಬೇಕು. ಅದನ್ನ ದೊಡ್ಡದಾಗಿ ಬರಿ. ಓದೋರು ಡಾಕ್ಟರಾಗಿರಲ್ಲ," ಎಂದಳು.

ದೊಡ್ಡದಾಗಿಯೇ ಬರೆದೆ. ವೀಕ್ಷಕರ ತಂಡದ ನಾಯಕನಿಗೆ ನಾನು ಕೊಟ್ಟ ಸಲಹೆ ಇದು: ಬೆಳಿಗ್ಗೆ ಅಧಿಕೃತ ಜೈಲಿಗೆ ಹೋಗಿ, ಊಟಕ್ಕೆಂದು ಹೊರಬಂದು, ಯಾರಿಗೂ ಹೇಳದೆ ನೇರ ಗಿರಣಿಗೆ ನುಗ್ಗಿ. ನಾಯಕ ಒಪ್ಪಿದ.

ಒಪ್ಪದೆ ಹೋದದ್ದು ನಮ್ಮದೇ ಕಚೇರಿಯಲ್ಲಿ. ವರದಿಯ ಕರಡನ್ನು ಅಚ್ಚಿಗೆ ಮುಂಚೆ ಆ ದೇಶದ ಸರ್ಕಾರಕ್ಕೆ ಕಳಿಸಿ, ನಿಮ್ಮ ಉತ್ತರವೇನು ಎಂದು ಕೇಳುವುದು ನಮ್ಮ ಪದ್ಧತಿ. ಜನರಲ್‌ಗಳಿಗೂ ಕೇಳುತ್ತಿದ್ದೆವು, ಅವರು ಕಸದ ಬುಟ್ಟಿಗೆ ಹಾಕುತ್ತಿದ್ದರು. ಈಗ ಕಾರಾಗೃಹಗಳ ಮೇಲಧಿಕಾರಿಯಾಗಿ ಬಂದವರು ಜನರಲ್‌ಗಳ ಕಾಲದಲ್ಲಿ ತಾವೇ ಕೈದಿಯಾಗಿದ್ದವರು. ಅವರ ಬಿಡುಗಡೆಗಾಗಿ ನಮ್ಮ ಸಂಸ್ಥೆ ವರ್ಷಾನುಗಟ್ಟಲೆ ಪತ್ರ ಬರೆದಿತ್ತು, ಮಳೆಯಲ್ಲಿ ಮೇಣದಬತ್ತಿ ಹಿಡಿದು ನಿಂತಿತ್ತು. ಅಧಿಕಾರ ವಹಿಸಿಕೊಂಡ ದಿನ ಅವರು ನಮ್ಮ ಕಚೇರಿಗೆ ಫೋನ್ ಮಾಡಿ ಅತ್ತಿದ್ದರಂತೆ. ನಮ್ಮ ಮುಖ್ಯಸ್ಥೆ, ಐರಿಷ್ ಹೆಂಗಸು, ಕಾರ್ಮಿಕ ಸಂಘದಲ್ಲಿ ಪಳಗಿದವರು, ಆ ಕಥೆಯನ್ನು ಹೇಳುವಾಗಲೆಲ್ಲ ಅವರ ಕಣ್ಣೂ ತುಂಬುತ್ತಿತ್ತು.

"ಗಿರಣಿಯ ಭಾಗ ತೆಗೆದು ಕಳಿಸೋಣ. ತಂಡ ಹೋಗಿ ಬಂದ ಮೇಲೆ ಅದನ್ನ ಸೇರಿಸೋಣ," ಎಂದೆ ನಾನು.

"ಜನರಲ್‌ಗಳಿಗೆ ಪೂರ್ತಿ ತೋರಿಸ್ತಿದ್ವಿ. ಈತನಿಗೆ ಮುಚ್ಚಿಡೋಣವಾ? ಹಾಗಾದ್ರೆ ನಾವು ಯಾರನ್ನ ಹೆಚ್ಚು ಗೌರವಿಸಿದ ಹಾಗಾಯ್ತು?"

"ಗೌರವದ ಮಾತಲ್ಲ. ಒಳಗೊಬ್ಬರು ಸೀಸೆ ಮೇಲೆ ಬದುಕಿದ್ದಾರೆ."

"ಅದಕ್ಕೇ ಹೇಳ್ತಿರೋದು. ತಂಡ ಹೋಗೋದು ತಡ. ಈತ ಓದಿದ ದಿನವೇ ಏನಾದ್ರೂ ಮಾಡ್ತಾನೆ. ಇವನು ನಮ್ಮವನು."

ನಮ್ಮವನು ಎಂಬ ಮಾತು ಕೇಳಿ ನನಗೆ ಸಿಟ್ಟು ಬಂತು. ಐರ್ಲೆಂಡಿಗೆ ಬರುವ ಮುಂಚೆ ಬೆಂಗಳೂರಿನ ಕೋರ್ಟುಗಳಲ್ಲಿ ವಿಚಾರಣಾ ಕೈದಿಗಳ ಅರ್ಜಿ ಹಿಡಿದು ಓಡಾಡುತ್ತಿದ್ದಾಗ, ಒಳ್ಳೆಯ ಅಧಿಕಾರಿ ಬಂದನೆಂದು ನಂಬಿ ಕೆಟ್ಟವರನ್ನು ನಾನು ಸಾಕಷ್ಟು ಕಂಡಿದ್ದೆ. ಅದನ್ನೂ ಹೇಳಿದೆ. ಮುಖ್ಯಸ್ಥೆ ನನಗೆ ಚಹಾ ಮಾಡಿಕೊಟ್ಟರು. ಈ ದೇಶದಲ್ಲಿ ವಾದ ಮುಗಿಯಿತು ಎಂಬುದಕ್ಕೆ ಅದೇ ಗುರುತು. ಗಿರಣಿಯ ಹೆಸರಿನ ಸಮೇತ ಪತ್ರ ಹೋಯಿತು.

ತಂಡದ ನಾಯಕ ಗಿರಣಿಯಿಂದ ಫೋನ್ ಮಾಡಿದಾಗ ನಾನು ಕಚೇರಿಯಲ್ಲಿದ್ದೆ. ಹಿಂದೆ ಜನರ ಮಾತು, ಕ್ಯಾಮೆರಾದ ಕ್ಲಿಕ್ಕು ಕೇಳಿಸುತ್ತಿತ್ತು.

"ಖಾಲಿ," ಎಂದ.

"ಖಾಲಿ ಅಂದ್ರೆ?"

"ಒಬ್ಬರೂ ಇಲ್ಲ. ಸುಣ್ಣ ಬಳಿದಿದ್ದಾರೆ, ಇನ್ನೂ ಹಸಿ ಇದೆ. ನಾವು ಬಂದೇ ಬರುತ್ತೇವೆಂದು ಊಹಿಸಿ ಕಾರಾಗೃಹಗಳ ಮೇಲಧಿಕಾರಿಯೇ ಗೇಟಿನಲ್ಲಿ ನಿಂತು ಸ್ವಾಗತ ಮಾಡಿದರು. ನಿಮ್ಮ ಪತ್ರ ನೋಡಿದ ಕೂಡಲೇ ಮುಚ್ಚಿಸಿದರಂತೆ. ಪತ್ರಿಕೆಯವರೂ ಬಂದಿದ್ದಾರೆ."

ಖಾಲಿ ಜಾಗದಲ್ಲೂ ಮಾಡುವ ಕೆಲಸವಿರುತ್ತದೆ. ತಂಡ ಅದನ್ನೆಲ್ಲ ಮಾಡಿತು. ಹೊರಗಿನಿಂದ ಬೋಲ್ಟ್ ಹಾಕುವ ಬಾಗಿಲುಗಳನ್ನು, ಗೋಡೆಯ ಕೆಳಭಾಗದಲ್ಲಿ ಮಾತ್ರ ದಪ್ಪವಾಗಿ ಬಳಿದ ಸುಣ್ಣವನ್ನು, ಚರಂಡಿಯಲ್ಲಿ ಸಿಕ್ಕಿದ ಚಪ್ಪಲಿಯನ್ನು ಅಳತೆಪಟ್ಟಿ ಇಟ್ಟು ಫೋಟೋ ತೆಗೆದರು. ಒಳಗಿದ್ದವರು ಎಲ್ಲಿ ಎಂದು ಕೇಳಿದರು. ಕಾನೂನಿನ ಪ್ರಕಾರದ ಜಾಗಗಳಿಗೆ ವರ್ಗಾಯಿಸಲಾಗಿದೆ, ಕಾಗದಪತ್ರ ಕಳಿಸುತ್ತೇವೆ ಎಂಬ ಉತ್ತರ ಬಂತು. ಅಧಿಕಾರಿ ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ ಎಂದು ನಾಯಕ ಎರಡು ಸಲ ಹೇಳಿದ. ಕಾಗದಪತ್ರ ಬರಲೇ ಇಲ್ಲ.

ಇಲ್ಲಿ ಕಚೇರಿಯಲ್ಲಿ ಮುಖ್ಯಸ್ಥೆ ಕೈ ಮುಷ್ಟಿ ಮಾಡಿ ಮೇಲಕ್ಕೆತ್ತಿದ್ದರು. ಗುಪ್ತ ಬಂಧನ ಸ್ಥಳಗಳನ್ನು ಮುಚ್ಚಬೇಕು ಎಂಬುದು ನಮ್ಮ ವರದಿಯ ಮೊದಲ ಶಿಫಾರಸು. ವರದಿ ಅಚ್ಚಾಗುವ ಮೊದಲೇ ಜಾರಿಯಾಗಿತ್ತು! ನಮ್ಮಂಥ ಸಂಸ್ಥೆಗೆ ಹತ್ತು ವರ್ಷಕ್ಕೊಮ್ಮೆಯೂ ಇಂಥ ದಿನ ಬರುವುದಿಲ್ಲ.

"ಒಳಗಿದ್ದವರು ಎಲ್ಲಿ?" ಎಂದು ನಾನು ಕೂಗಿದೆ. ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಕೆಳಗಿನ ಕಾರ್ಪೆಟ್ ಅಂಗಡಿಯವನು ಮೆಟ್ಟಿಲ ತನಕ ಬಂದು, ಎಲ್ಲಾ ಸರಿ ಇದೆಯಾ ಎಂದು ವಿಚಾರಿಸಿದ. ಮುಖ್ಯಸ್ಥೆಯ ಕೈ ಮೆಲ್ಲಗೆ ಕೆಳಗಿಳಿಯಿತು. ಅವರ ಮುಖ ನೋಡಿ ನನಗೆ ಅಯ್ಯೋ ಎನ್ನಿಸಿತು. ಆದರೆ ಅಯ್ಯೋ ಎನ್ನುವುದಕ್ಕೂ ನನಗೆ ಪುರಸೊತ್ತಿರಲಿಲ್ಲ.

ಆ ವಾರ ಮೇಷ್ಟ್ರ ಹೆಂಡತಿ ಎಂದಿನಂತೆ ಫ್ಲಾಸ್ಕ್ ಹಿಡಿದು ಹೋದರು. ಗೇಟಿಗೆ ಸರಪಳಿ ಬಿದ್ದಿತ್ತು. ಏಣಿಯ ಮೇಲೆ ನಿಂತು ಬಣ್ಣ ಹಚ್ಚುತ್ತಿದ್ದವನು, ಇಲ್ಲಿ ಯಾರೂ ಇಲ್ಲಮ್ಮ, ಮುಚ್ಚಿಬಿಟ್ಟರು, ಒಳ್ಳೆಯದಾಯಿತು ಎಂದನಂತೆ. ತುಂಬಿದ ಫ್ಲಾಸ್ಕನ್ನು ಹಾಗೇ ಮನೆಗೆ ತಂದರು.

ತಂಗಿ ನನಗೆ ಫೋನ್ ಮಾಡಿದಳು. "ಜಾಗ ಯಾರಿಗೆ ಹೇಳಿದ್ರಿ?"

ಸತ್ಯ ಹೇಳಬೇಕಿತ್ತು, ಹೇಳಿದೆ. ಪತ್ರ ಯಾರಿಗೆ ಹೋಯಿತು, ಯಾಕೆ ಹೋಯಿತು, ನಾನು ಬೇಡವೆಂದದ್ದು, ಎಲ್ಲ. ಕೊನೆಯದನ್ನು ಹೇಳುವಾಗಲೇ ಅದು ಎಷ್ಟು ಅಗ್ಗದ ಮಾತು ಎಂದು ನನಗೆ ಕೇಳಿಸಿತು.

"ನೀವು ಬೇಡ ಅಂದ್ರಿ," ಎಂದಳು ಆಕೆ. "ಸರಿ. ಅಣ್ಣನಿಗೆ ಔಷಧಿ ಎಲ್ಲಿಗೆ ಕಳಿಸಲಿ?"

ಅದಕ್ಕೆ ಉತ್ತರ ಹುಡುಕುವುದೇ ಮುಂದಿನ ಕೆಲಸವಾಯಿತು. ಆ ದೇಶದ ಒಬ್ಬ ವಕೀಲರ ಜೊತೆ ದಿನವಿಡೀ ಫೋನಿನಲ್ಲಿ ಇರುತ್ತಿದ್ದೆ. ಅವರು ಒಂದೊಂದೇ ಜೈಲಿಗೆ ಅರ್ಜಿ ಹಾಕಿದರು. ಉತ್ತರ ಬಾರದಿದ್ದಾಗ ನಾನು ಮತ್ತೆ ಡಾಕ್ಟರ್ ಗೆಳತಿಯನ್ನು ಕೇಳಿದೆ: ಇನ್ಸುಲಿನ್ ಇಲ್ಲದೆ ಬಿದ್ದವನನ್ನು ಯಾರಾದರೂ ಆಸ್ಪತ್ರೆಗೆ ಹಾಕಿದ್ದರೆ ಅವನು ಹೇಗೆ ಕಾಣುತ್ತಾನೆ, ಆಸ್ಪತ್ರೆಯವರು ಏನೆಂದು ಬರೆದುಕೊಂಡಿರುತ್ತಾರೆ?

"ವಾಂತಿ, ಹೊಟ್ಟೆನೋವು. ಜೋರಾಗಿ ಉಸಿರಾಡ್ತಿರ್ತಾರೆ. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತೆ. ಗೊತ್ತಿಲ್ದೋರು ಕುಡ್ದಿದಾನೆ ಅನ್ಕೋತಾರೆ."

ಹಾಗಾಗಿ ವಕೀಲರು ಆಸ್ಪತ್ರೆಗಳಲ್ಲಿ ಮೇಷ್ಟ್ರ ಹೆಸರು ಕೇಳುವುದನ್ನು ಬಿಟ್ಟು, ಸೈನಿಕರು ತಂದು ಹಾಕಿದ ಕುಡುಕ ಯಾರಾದರೂ ಇದ್ದಾನಾ ಎಂದು ಕೇಳತೊಡಗಿದರು. ಶವಾಗಾರಗಳಲ್ಲೂ ಹಾಗೇ ಕೇಳಿದರು. ಹೆಸರಿಲ್ಲದ ಹೆಣವೊಂದು ಸಿಕ್ಕಿದೆ ಎಂದು ಒಂದು ಮಧ್ಯಾಹ್ನ ಹೇಳಿದರು. ಹೆಣದ ಎಡಗಾಲಿನಲ್ಲಿದ್ದ ಹಳೆಯ ಮುರಿತದ ಗುರುತು ಅಣ್ಣನಿಗೂ ಇದೆಯೇ ಎಂದು ತಂಗಿಯನ್ನು ಕೇಳಬೇಕಾಯಿತು. ಇಲ್ಲ ಎಂದಳು. ಹೆಣ ಇನ್ನಾರದೋ ಮನೆಯದೆಂದು ನಾವಿಬ್ಬರೂ ಫೋನಿನ ಎರಡು ತುದಿಯಲ್ಲಿ ದೇವರಿಗೆ ಕೈಮುಗಿದೆವು. ನನಗೆ ಹೇಸಿಗೆಯಾಯಿತು.

ನಾನು ವಾಸವಿರುವ ಮೇನೂತ್‌ನಿಂದ ಬೆಳಿಗ್ಗೆಯ ರೈಲಿನಲ್ಲಿ ಕಚೇರಿಗೆ ಬರುವಾಗ ಅಕ್ಕಪಕ್ಕದ ವಿದ್ಯಾರ್ಥಿಗಳು ನಗುತ್ತಿದ್ದರೆ ಅವರ ಮೇಲೆ ಕೋಪ ಬರುತ್ತಿತ್ತು.

"ಇನ್ನೂ ಹುಡುಕ್ತಾ ಇದೀಯಾ?" ಎಂದು ಗೆಳತಿ ಫೋನ್ ಮಾಡಿದಳು.

"ಹೂಂ."

"ಯಾರಾದ್ರೂ ಇನ್ಸುಲಿನ್ ಕೊಟ್ಟಿರಬಹುದು. ಎಲ್ಲಾ ಕಡೆ ಮನುಷ್ಯರು ಇರ್ತಾರೆ. ಆದ್ರೆ ಡಾಕ್ಟರಾಗಿ ಹೇಳೋದಾದ್ರೆ..."

"ಡಾಕ್ಟರಾಗಿ ಹೇಳ್ಬೇಡ ಮಾರಾಯ್ತಿ," ಎಂದೆ. ಅವಳು ಹೇಳಲಿಲ್ಲ.

ಈ ನಡುವೆ ಆ ಮೇಲಧಿಕಾರಿ ಡಬ್ಲಿನ್‌ಗೇ ಬರುವುದಿತ್ತು. ಹೊಡೆದಾಟ ಮುಗಿಸಿ ಮೇಲೇಳುವ ದೇಶಗಳವರು ಐರ್ಲೆಂಡಿಗೆ ಬರುವುದು ವಾಡಿಕೆ. ಈ ದ್ವೀಪದ ಉತ್ತರದಲ್ಲಿ ದಶಕಗಟ್ಟಲೆ ಕಾದಾಡಿದ ಎದುರಾಳಿಗಳು ಒಂದೇ ಮೇಜಿಗೆ ಹೇಗೆ ಕೂತರು, ಪೊಲೀಸರನ್ನು ಹೇಗೆ ಬದಲಿಸಿದರು ಎಂದು ಕೇಳಿ ತಿಳಿದು, ಸ್ಯಾಂಡ್‌ವಿಚ್ ತಿಂದು ಹೋಗುತ್ತಾರೆ. ಸತ್ಕಾರ ಕೂಟಕ್ಕೆ ನಮ್ಮ ಸಂಸ್ಥೆಗೂ ಕರೆ ಬಂತು.

"ನೀನೂ ಬಾ. ಇಬ್ಬರೂ ಸೇರಿ ಒಂದು ಟಿಪ್ಪಣಿ ಕೊಡೋಣ," ಎಂದರು ಮುಖ್ಯಸ್ಥೆ. ಗಿರಣಿಯ ದಿನದಿಂದ ಅವರ ದನಿ ಇಳಿದುಹೋಗಿತ್ತು.

ಟಿಪ್ಪಣಿ ಇನ್ನೊಂದು ಕಾಗದವಾಗುತ್ತಿತ್ತು, ಅಷ್ಟೇ. ನಾನು ತಂಗಿಯನ್ನೇ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬಂಧಿತರ ಮನೆಯವರನ್ನು ಸರ್ಕಾರದವರ ಕಣ್ಣೆದುರು ನಿಲ್ಲಿಸಬಾರದು. ಮುಖದ ಗುರುತು ಸಿಕ್ಕಿತೆಂದರೆ ಊರಿನಲ್ಲಿ ಉಳಿದವರಿಗೆ ಅದರ ಬಿಸಿ ತಟ್ಟುತ್ತದೆ. ಎರಡು ರಾತ್ರಿ ಹೊರಳಾಡಿದೆ. ನಿಯಮಗಳನ್ನೆಲ್ಲ ಪಾಲಿಸಿಯೇ ಮೇಷ್ಟ್ರನ್ನು ಕಳೆದುಕೊಂಡಿದ್ದೆವು, ಆ ಸಿಟ್ಟಿನಲ್ಲಿ ತೆಗೆದುಕೊಂಡ ತೀರ್ಮಾನ ಇದಲ್ಲ ತಾನೇ ಎಂದು ನನ್ನನ್ನೇ ಕೇಳಿಕೊಂಡೆ. ಸಿಟ್ಟೂ ಇತ್ತು. ಆದರೆ ಬೇರೆ ದಾರಿ ಉಳಿದಿರಲಿಲ್ಲ. ತಂಗಿಗೆ ಅಪಾಯವನ್ನೆಲ್ಲ ಬಿಡಿಸಿ ಹೇಳಿದೆ, ಅತ್ತಿಗೆಯನ್ನು ಕೇಳಿ ಆಮೇಲೆ ಹೇಳಿ ಎಂದೆ. ಆಕೆ ನನ್ನೆದುರೇ ಫೋನ್ ಮಾಡಿದಳು. ಅತ್ತಿಗೆಯ ಉತ್ತರ ಒಂದೇ ಶಬ್ದದ್ದು. ಹೋಗು.

ಸತ್ಕಾರ ಕೂಟದ ಸಭಾಂಗಣಕ್ಕೆ ತಂಗಿಯನ್ನು ನನ್ನ ಅತಿಥಿಯೆಂದು ಕರೆದೊಯ್ದೆ. ಆ ಕಡೆಯಿಂದ ನಮ್ಮನ್ನು ಕಂಡ ಮುಖ್ಯಸ್ಥೆ ಬಿಳಿಚಿಕೊಂಡರು. ಅಧಿಕಾರಿ ಸಣಕಲು ಮನುಷ್ಯ, ದೊಡ್ಡ ಕೋಟಿನೊಳಗೆ ಇನ್ನಷ್ಟು ಸಣ್ಣಗೆ ಕಾಣುತ್ತಿದ್ದರು. ನನ್ನ ಸಂಸ್ಥೆಯ ಹೆಸರು ಹೇಳಿದ್ದೇ ತಡ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ನನ್ನ ಜೀವ ಉಳಿಸಿದಿರಿ," ಎಂದರು. ನಾಟಕವಲ್ಲ, ಮನಸ್ಸಿನಿಂದಲೇ ಹೇಳಿದರು. ಅದರಿಂದ ನನಗೆ ಇನ್ನಷ್ಟು ಭಯವಾಯಿತು.

ಆಮೇಲೆ ತಂಗಿ ತನ್ನ ಭಾಷೆಯಲ್ಲಿ ಮಾತಾಡಿದಳು. ನನಗೆ ಅರ್ಥವಾಗಲಿಲ್ಲ. ಅಧಿಕಾರಿಯ ಮುಖದ ನಗು ಮೊದಲು ಹಾಗೇ ಇತ್ತು, ಆಮೇಲೆ ಇಲ್ಲವಾಯಿತು. ತಾನು ಏನು ಕೇಳಿದೆ ಎಂಬುದನ್ನು ಆಕೆ ಹೊರಗೆ ಬಂದ ಮೇಲೆ ಹೇಳಿದಳು. ಗಿರಣಿ ಮುಚ್ಚಿ ಎಂದು ಹೇಳಿದಿರಿ, ಒಳಗಿದ್ದವರನ್ನು ಯಾರ ಕೈಗೆ ಕೊಟ್ಟಿರಿ? ಅಧಿಕಾರಿ ಹೇಳಿದ್ದು: ಮುಚ್ಚಲು ಆದೇಶ ಕೊಟ್ಟೆ, ಅದು ಕಾನೂನುಬಾಹಿರ ಜಾಗವಾಗಿತ್ತು. ಆಕೆ ಕೇಳಿದಳು: ನಿಮ್ಮನ್ನು ಒಂದು ಜೈಲಿನಿಂದ ಇನ್ನೊಂದಕ್ಕೆ ಸಾಗಿಸಿದಾಗ ನಿಮ್ಮ ಅಮ್ಮ ಎಲ್ಲಿ ಹುಡುಕಿದರು?

ಆ ಮಾತು ಕೇಳಿ ಅಧಿಕಾರಿ ಪಕ್ಕದ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ತಿಂಡಿಯ ತಟ್ಟೆ ಇನ್ನೂ ಇತ್ತು. ಯಾರೋ ಬಂದು ಅದನ್ನು ತೆಗೆದುಕೊಂಡರು. ಆಮೇಲೆ ಅಧಿಕಾರಿ ಎದ್ದು, ಫೋನ್ ಹಿಡಿದು ಪಡಸಾಲೆಗೆ ಹೋದರು. ನಾವು ಬಾಗಿಲಲ್ಲಿ ಕಾದೆವು.

ಬಂದು ಇಂಗ್ಲಿಷಿನಲ್ಲಿ ನನಗೇ ಹೇಳಿದರು. "ಸೇನೆಯವರು ಒಯ್ದಿದ್ದಾರೆ. ಉತ್ತರದ ಬ್ಯಾರಕ್‌ಗೆ. ಆ ಜಾಗ ನನ್ನ ಅಧೀನಕ್ಕೆ ಬರೋದಿಲ್ಲ. ಸೇನೆಗೆ ನಾನು ಆದೇಶ ಕೊಡೋ ಹಾಗಿಲ್ಲ." ತುಸು ತಡೆದು, "ಇದನ್ನ ನಾನು ಹೇಳಿದೆ ಅಂತ ಎಲ್ಲೂ ಬರೀಬೇಡಿ," ಎಂದರು. ಕಾರಾಗೃಹಗಳ ಮೇಲಧಿಕಾರಿ ಹೆದರಿದ್ದರು. ಅಲ್ಲಿಯ ಪ್ರಜಾಪ್ರಭುತ್ವ ಎಲ್ಲಿಯವರೆಗೆ ಬಂದಿದೆ ಎಂಬುದು ನನಗೆ ಅವತ್ತು ಗೊತ್ತಾಯಿತು.

ಮಾರನೆಯ ದಿನ ಮುಖ್ಯಸ್ಥೆ ನನ್ನನ್ನು ಎದುರು ಕೂರಿಸಿಕೊಂಡರು. "ನಿಯಮ ಮುರಿದಿದ್ದೀಯ. ಅದನ್ನ ಬರೆದು ಕೊಡು. ಅದಕ್ಕೆ ಮುಂಚೆ ತಂಡಕ್ಕೆ ಫೋನ್ ಮಾಡು," ಎಂದರು. ಈ ಸಲ ಯಾರಿಗೂ ಪತ್ರ ಹೋಗಲಿಲ್ಲ.

ಬ್ಯಾರಕ್ಕಿನ ಭೇಟಿಯನ್ನು ನಾವು ಮೇಷ್ಟ್ರ ಹೆಸರು ಎತ್ತದೆಯೇ ರೂಪಿಸಿದೆವು. ಹೆಸರು ಹೇಳಿ ಕರೆಸಿದರೆ ತಂಡ ಹೋದ ಮೇಲೆ ಆ ಮನುಷ್ಯನಿಗೆ ಉಳಿಗಾಲವಿಲ್ಲ. ಅದಕ್ಕೆ ಒಂದೊಂದು ಕೋಣೆಯವರನ್ನೂ ಒಬ್ಬೊಬ್ಬರಾಗಿ ಕರೆದು, ಎಲ್ಲರ ಜೊತೆಗೂ ಒಂದೇ ಹೊತ್ತು ಮಾತಾಡಬೇಕು. ಮಾತಾಡಲು ಏನೂ ಇಲ್ಲದವನ ಜೊತೆಗೂ ಅಷ್ಟೇ ಹೊತ್ತು ಸುಮ್ಮನೆ ಕೂತಿರಬೇಕು. ಮೇಷ್ಟ್ರು ನಂಬುವಂತೆ ಒಂದು ಮಾತು ಕೊಡಿ ಎಂದು ತಂಗಿಯನ್ನು ಕೇಳಿದೆ. ಚಿಕ್ಕವಳಿದ್ದಾಗ ಅಣ್ಣ ಈಜು ಕಲಿಸಿದ ಕೆರೆಯ ಹೆಸರು ಹೇಳಿದಳು.

ತಂಡವನ್ನು ಬ್ಯಾರಕ್ಕಿನ ಗೇಟಿನಲ್ಲಿ ತಡೆದರು. ಅವರು ಹಿಂತಿರುಗಲಿಲ್ಲ. ವಾಹನ ಅಡ್ಡ ನಿಲ್ಲಿಸಿ, ಒಪ್ಪಂದದ ಪ್ರತಿ ಹಿಡಿದು, ಬಿಸಿಲಿನಲ್ಲಿ ರಾಜಧಾನಿಗೆ ಫೋನ್ ಮೇಲೆ ಫೋನ್ ಮಾಡುತ್ತ ಕೂತರು. ಮಧ್ಯಾಹ್ನ ಕಳೆದ ಮೇಲೆ ಒಳಗೆ ಬಿಟ್ಟರು. ಇಲ್ಲಿ ನಾನು ಸಹೋದ್ಯೋಗಿಗಳ ಲೋಟಗಳನ್ನೆಲ್ಲ ಒಂದೊಂದಾಗಿ ತೊಳೆದಿಟ್ಟು, ಮತ್ತೆ ತೆಗೆದು ತೊಳೆದೆ.

ನಾಯಕನ ಫೋನ್ ಬಂತು. "ಕೆರೆಯ ಹೆಸರು ಹೇಳಿದೆ. ಅತ್ತರು," ಎಂದ. ನಾನೂ ಅತ್ತೆ. ತುಂಬ ಬಡಕಲಾಗಿದ್ದಾರೆ, ಆದರೆ ನಡೆದೇ ಬಂದರು, ಬುದ್ಧಿ ನೆಟ್ಟಗಿದೆ ಎಂದ. ಆಮೇಲೆ, "ಬರಕೋ," ಎಂದು, ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದ.

ಡ್ರೋಹೆಡಾಕ್ಕೆ ಹೋಗುವ ರೈಲಿನಲ್ಲಿ ಸಮುದ್ರ ಪಕ್ಕದಲ್ಲೇ ಬರುತ್ತದೆ. ನಾನು ಅದನ್ನು ನೋಡಲಿಲ್ಲ. ಎರಡು ಸುದ್ದಿಗಳಲ್ಲಿ ಮೊದಲನೆಯದನ್ನು ಹೇಳಿ ಎಷ್ಟು ಹೊತ್ತು ಬಿಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಡ್ರೋಹೆಡಾ ನಿಲ್ದಾಣ ಬರುವ ಹೊತ್ತಿಗೂ ಅದು ಬಗೆಹರಿದಿರಲಿಲ್ಲ.

"ಬದುಕಿದ್ದಾರೆ," ಎಂದೆ, ಅಡುಗೆಮನೆಯ ಹೊಸ್ತಿಲಲ್ಲೇ.

ತಂಗಿ ಸ್ಟೀಲಿನ ಮೇಜಿನ ಮೇಲೆ ಎರಡೂ ಕೈ ಊರಿ ತಲೆ ಬಗ್ಗಿಸಿದಳು. ಆಮೇಲೆ ನಕ್ಕಳು, ಅತ್ತಳು, ಅಡುಗೆಮನೆಯ ಮೇಲ್ವಿಚಾರಕಿ ಏನಾಯಿತೆಂದು ಓಡಿಬಂದಾಗ, "ನನ್ನಣ್ಣ ಬದುಕಿದ್ದಾನೆ!" ಎಂದು ಕೂಗಿದಳು. ಆ ಐರಿಷ್ ಹೆಂಗಸು ಅವಳನ್ನು ತಬ್ಬಿ, "ಆಹ್, ದಟ್ಸ್ ಗ್ರ್ಯಾಂಡ್, ಪೆಟ್, ದಟ್ಸ್ ಗ್ರ್ಯಾಂಡ್," ಎಂದು ಬೆನ್ನು ಸವರಿದಳು. ಅವರಿಬ್ಬರನ್ನು ಹಾಗೇ ಬಿಟ್ಟು ಹೊರಟುಬಿಡೋಣ ಎನ್ನಿಸಿತು ನನಗೆ.

ಮೇಲ್ವಿಚಾರಕಿ ಹೋದ ಮೇಲೆ ನಾನು ಕುರ್ಚಿ ಎಳೆದುಕೊಂಡೆ. "ಇನ್ನೊಂದಿದೆ. ಅಣ್ಣ ಹೇಳಿದ್ದನ್ನ ಹಾಗೇ ಹೇಳ್ತೀನಿ."

"ಹೇಳಿ."

"'ಇಲ್ಲಿ ಒಬ್ಬರು ನನಗೆ ಔಷಧಿ ಕೊಡುತ್ತಿದ್ದಾರೆ. ಕೊಡುವ ಹಾಗಿಲ್ಲ, ಆದರೂ ಕೊಡುತ್ತಿದ್ದಾರೆ. ನೀವು ನನ್ನ ಬಗ್ಗೆ ಕೇಳಿದರೆ, ಇವನು ಹೇಗೆ ಬದುಕಿದ್ದಾನೆ ಎಂದು ಇಲ್ಲಿಯ ಅಧಿಕಾರಿಗಳೂ ಕೇಳುತ್ತಾರೆ. ಆಗ ಔಷಧಿ ಕೊಡುವವರೂ ಇರುವುದಿಲ್ಲ, ನಾನೂ ಇರುವುದಿಲ್ಲ. ನನ್ನ ಹೆಸರನ್ನು ಎಲ್ಲಿಯೂ ಬರೆಯಬೇಡಿ. ತಂಗಿಗೆ ಹೇಳಿ, ಯಾರನ್ನೂ ಏನನ್ನೂ ಕೇಳುವುದು ಬೇಡ. ನನ್ನ ಹೆಂಡತಿಗೂ ಹೇಳಲಿ, ಗೇಟಿಗೆ ಬರುವುದು ಬೇಡ.'"

ಆಕೆ ಒದ್ದೆ ಬಟ್ಟೆ ತೆಗೆದುಕೊಂಡು ಮೇಜು ಒರೆಸಿದಳು. ಆಮೇಲೆ ಕೇಳಿದಳು. "ನಿಮ್ಮ ನಿಯಮ ಏನು ಹೇಳತ್ತೆ?"

"ಒಳಗಿರೋರ ಮಾತೇ ಕೊನೆ ಮಾತು. ಮನೆಯವರು ಬೇರೆ ಹೇಳಿದ್ರೂ."

"ನಾನು ಬೇರೆ ಹೇಳೋದಿಲ್ಲ. ಅಣ್ಣನ ಮಾತು ಸರಿಯಾಗಿದೆ." ಕಣ್ಣು ಒರೆಸಿಕೊಂಡಳು. "ಆದರೆ ಆ ಔಷಧಿ ಕೊಡೋರನ್ನ ನಾಳೆ ಬೇರೆ ಕಡೆಗೆ ಹಾಕಿಬಿಟ್ಟರೆ, ನಮಗೆ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲ," ಎಂದೆ. ಹೇಳಲು ಬೇರೆ ಏನಾದರೂ ಇತ್ತೇ ಎಂದು ಈಗಲೂ ಯೋಚಿಸುತ್ತೇನೆ. ಇರಲಿಲ್ಲ.

ಆಕೆ ಎದ್ದು ಚಹಾದ ದೊಡ್ಡ ಪಾತ್ರೆಗೆ ನೀರು ಹಿಡಿದಳು, ತಳ್ಳುಗಾಡಿಯ ಮೇಲೆ ಕಪ್-ಬಸಿಗಳನ್ನು ಜೋಡಿಸಿದಳು. ಅಜ್ಜ ಅಜ್ಜಿಯರ ಚಹಾದ ಹೊತ್ತಾಗಿತ್ತು. ಹೊರಡುವ ಮುಂಚೆ ನನ್ನ ಕಡೆ ತಿರುಗಿದಳು.

"ನಿಮ್ಮ ಫೋನಿನಲ್ಲಿ ನನ್ನ ನಂಬರ್ ಇದೆಯಲ್ಲ. ಅಳಿಸಿಬಿಡಿ."

"ಯಾಕೆ?"

"ಇದ್ದರೆ ಒಂದು ದಿನ ನೀವು ಫೋನ್ ಮಾಡ್ತೀರಿ. ಅಣ್ಣನ ಸುದ್ದಿ ಏನಾದ್ರೂ ಬಂತಾ ಅಂತ ಕೇಳ್ತೀರಿ. ನನಗೂ ಕೇಳಬೇಕು ಅನ್ನಿಸತ್ತೆ, ನಾನು ಅತ್ತಿಗೆಗೆ ಮಾಡ್ತೀನಿ. ಅತ್ತಿಗೆ ಗೇಟಿಗೆ ಹೋಗ್ತಾಳೆ."

ಆಕೆಯ ಎದುರಿಗೇ ಅಳಿಸಿದೆ. ಆಕೆ ಬಗ್ಗಿ ಪರದೆ ನೋಡಿ, ಅಳಿಸಿದ್ದು ಖಾತ್ರಿಯಾದ ಮೇಲೆ, ಗಾಡಿ ತಳ್ಳಿಕೊಂಡು ಹೋದಳು.

ಆ ದೇಶದಲ್ಲಿ ಚುನಾವಣೆ ನಡೆಯಿತು. ಒಟ್ಟಾರೆ ಶಾಂತಿಯುತ ಎಂದು ಹೊರಗಿನ ವೀಕ್ಷಕರೆಲ್ಲ ಬರೆದರು. ಆ ಬ್ಯಾರಕ್ಕಿನ ಬಗ್ಗೆ ನಮ್ಮ ವರದಿಯಲ್ಲಿ ಒಂದು ಸಾಲೂ ಇಲ್ಲ. ಕೇಳುವುದೇ ನನ್ನ ಕೆಲಸ. ದಿನವೂ ಯಾರನ್ನೋ ಏನನ್ನೋ ಕೇಳುತ್ತಲೇ ಇರುತ್ತೇನೆ. ಮೇಷ್ಟ್ರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅದೊಂದನ್ನು ನಾನು ಯಾರನ್ನೂ ಕೇಳುವ ಹಾಗಿಲ್ಲ.